ನಾಲ್ಕನೆಯ ಡಬ್ಬಿ

“ತಪ್ಪು,” ಎಂದಳು ಹುಡುಗಿ.

ಅತ್ತೆ ಪೆನ್ಸಿಲನ್ನು ಮೇಜಿನ ಮೇಲೆ ಬಿಸಾಡಿದಳು. ಅದು ಉರುಳುತ್ತ ಉರುಳುತ್ತ ಅಂಚಿನವರೆಗೆ ಹೋಗಿ, ಬೀಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಬಿದ್ದೇ ಬಿಟ್ಟಿತು. ಮೊನೆ ಮುರಿಯಿತು.

“ಮೂರು ಸಲ ಮಾಡಿದೆ. ಮೂರು ಸಲಾನೂ ತಪ್ಪಾ?”

“ಮೂರು ಸಲಾನೂ ಒಂದೇ ತಪ್ಪು, ಅತ್ತೆ. ಬೇರೆ ಬೇರೆ ಮಾಡಿದ್ರೆ ನನಗೂ ಒಂದಿಷ್ಟು ಹೊತ್ತು ಹೋಗ್ತಿತ್ತು.”

ಗಂಟೆ ಎರಡೂಕಾಲು. ನಾಲ್ಕಕ್ಕೆ ಪಕ್ಕದ ಕೋಣೆಯಲ್ಲಿ ಮೂವರು ಪ್ರಾಧ್ಯಾಪಕರು ವಿಚಾರಣೆಗೆ ಕೂರುವವರಿದ್ದರು. ಕಣ್ಣು ಕಾಣದ ಈ ಹುಡುಗಿ ಗಣಿತ ಪರೀಕ್ಷೆಯಲ್ಲಿ ಮೇಜು ಕುಟ್ಟಿ ಸನ್ನೆ ಮಾಡಿದಳು, ಅವಳು ಹೇಳಿದ್ದನ್ನು ಬರೆಯಲು ಕೂತಿದ್ದ ಬರಹಗಾರ್ತಿ ಆ ಸನ್ನೆ ಹಿಡಿದು ತಾನೇ ಲೆಕ್ಕ ಬಿಡಿಸಿದಳು ಎಂಬುದು ದೂರು. ಹೌದೆಂದು ತೀರ್ಮಾನವಾದರೆ ಮೂರು ವರ್ಷ ಇಬ್ಬರೂ ಪರೀಕ್ಷೆಯ ಮೆಟ್ಟಿಲು ಹತ್ತುವಂತಿಲ್ಲ. ಗಣಿತದ ಟೀಚರ್ ಆಗಲು ಹುಡುಗಿಗೆ ಸಿಕ್ಕಿದ್ದ ತರಬೇತಿಯ ಸೀಟು ಇನ್ನೊಬ್ಬರ ಪಾಲಾಗುತ್ತದೆ.

ಅತ್ತೆಯನ್ನು ಊರವರು ಕರೆಯುವುದು ಕಡ್ಡಿ ಮೇಡಂ ಎಂದು. ಮಾತು ಕಡ್ಡಿ ತುಂಡು ಮಾಡಿದ ಹಾಗೆ. ಮನೆ ಬಿಟ್ಟು ಹೋದ ಗಂಡಂದಿರನ್ನು ಹುಡುಕಿಕೊಟ್ಟಿದ್ದಳು, ಹುಡುಕಿಕೊಟ್ಟ ಮೇಲೆ ಯಾಕಮ್ಮಾ ಹುಡುಕಿಕೊಟ್ಟೆ ಎಂದು ಅವರ ಹೆಂಡಂದಿರಿಂದಲೇ ಬೈಸಿಕೊಂಡಿದ್ದಳು. ಪತ್ತೇದಾರಿಕೆಯ ಇಪ್ಪತ್ತು ವರ್ಷದಲ್ಲಿ ಕಳ್ಳನ ಎದುರು ಕೂತು ಬೆವರಿದವಳಲ್ಲ. ಈಗ ಒಂದು ಲಾಗ್ ಲೆಕ್ಕದ ಎದುರು ಕೂತು ಬೆವರುತ್ತಿದ್ದಳು. ತಲೆಯ ಮೇಲಿನ ಫ್ಯಾನು ತಿರುಗುತ್ತಿತ್ತು, ಆದರೆ ಗಾಳಿ ಮಾತ್ರ ಯಾರಿಗೋ ಕೊಡುತ್ತಿತ್ತು.

“ಇನ್ನೊಂದ್ ಸಲ ಹೇಳು,” ಎಂದಳು. “ನಾಲ್ಕಕ್ಕೆ ಅಲ್ಲಿ ಕೂತ ಮೂರು ತಲೆಗಳಿಗೆ ನಾನು ಇದನ್ನ ಬಿಡಿಸಿ ಹೇಳಬೇಕು. ನನಗೇ ತಿಳೀದೆ ಹೇಳಿದ್ರೆ ಮೊದಲ್ನೇ ಪ್ರಶ್ನೆಗೇ ನನ್ನ ಸಿಪ್ಪೆ ಸುಲೀತಾರೆ.”

ಹುಡುಗಿ ಚೀಲಕ್ಕೆ ಕೈ ಹಾಕಿ ತಗಡಿನ ಡಬ್ಬಿ ತೆಗೆದಳು. ಒಂದರೊಳಗೊಂದು ಕೂರುವ ನಾಲ್ಕು ಡಬ್ಬಿಗಳು ಅವು. ಅತ್ತೆಯ ಅವ್ವನವು, ಅಂದರೆ ಹುಡುಗಿಯ ಅಜ್ಜಿಯವು. ಪ್ರತಿಯೊಂದರ ತಳದಲ್ಲೂ ಮೊಳೆಯಿಂದ ಕೆರೆದ ಅಂಕಿ ಇತ್ತು. ಅತ್ತೆಯ ಅಣ್ಣ, ಅಂದರೆ ಈ ಹುಡುಗಿಯ ಅಪ್ಪ, ಹತ್ತು ವರ್ಷದವನಿದ್ದಾಗ ಕೆರೆದು, ಹೊಸ ಡಬ್ಬಿ ಹಾಳು ಮಾಡಿದೆ ಎಂದು ಅವ್ವನ ಕೈಯಲ್ಲಿ ಏಟು ತಿಂದಿದ್ದ. ಆ ಗೀರುಗಳೇ ಮುಂದೆ ಮಗಳ ಬೆರಳಿಗೆ ಕಣ್ಣಾಗುತ್ತವೆಂದು ಆಗ ಯಾರಿಗೆ ಗೊತ್ತಿತ್ತು.

“ಅಜ್ಜಿ ಕತೆ ನೆನಪಿದೆಯಾ?” ಎಂದಳು ಹುಡುಗಿ. “ರಾಜಕುಮಾರಿ ಉಂಗುರ ನಾಲ್ಕು ಪೆಟ್ಟಿಗೆ ಒಳಗೆ. ಒಂದೊಂದು ಮುಚ್ಚಳದ ಮೇಲೂ ಒಂದೊಂದು ಹಾವು.”

“ಹ್ಞೂಂ. ‘ನನ್ನೊಳಗೆ ಏನಿದೆ ಹೇಳು, ಹೇಳಿದ್ರೆ ದಾರಿ ಬಿಡ್ತೀನಿ’ ಅನ್ನುತ್ತೆ.”

“ಅಷ್ಟೇ ಸರಪಳಿ ನಿಯಮ. ಲಾಗ್ ಅನ್ನೋದು ಒಂದು ಹಾವು. ಅವಕಲನ, ಅದೇ ಡಿಫರೆನ್ಶಿಯೇಷನ್, ಮಾಡೋದು ಅಂದ್ರೆ ಮುಚ್ಚಳ ತೆಗೆಯೋದು. ಹಾವು ಕೇಳುತ್ತೆ, ನನ್ನೊಳಗೆ ಏನಿದೆ? ಏನಿದೆಯೋ ಅದನ್ನ ಹಾಗೇ, ಪೂರ್ತಿಯಾಗಿ, ಒಂದರ ಕೆಳಗೆ ಬರೀಬೇಕು. ಮುಚ್ಚಳ ಪಕ್ಕಕ್ಕಿಡಬೇಕು. ಆಮೇಲೆ ಒಳಗಿನ ಡಬ್ಬಿಗೆ ಕೈ. ಕೊನೆಗೆ ಬಂದಿದ್ದನ್ನೆಲ್ಲ ಗುಣಿಸೋದು. ನೀನು ಏನ್ ಮಾಡ್ತಿದೀಯ ಅಂದ್ರೆ, ಮೊದಲ್ನೇ ಹಾವು ಕೇಳಿದ ಕೂಡಲೇ ‘ಎಕ್ಸ್ ಇದೆ’ ಅಂತೀಯ. ಅದರೊಳಗೆ ಇನ್ನೂ ಎರಡು ಡಬ್ಬಿ ಇವೆ. ಹಸಿದವರ ಥರ ನೇರ ತಳಕ್ಕೆ ಕೈ ಹಾಕಿದ್ರೆ ಹಾವು ಕಚ್ಚದೇ ಇರುತ್ತಾ?”

ಅತ್ತೆ ಬಗ್ಗಿ ಪೆನ್ಸಿಲು ಎತ್ತಿಕೊಂಡಳು. ಮೊನೆಯನ್ನು ಹಲ್ಲಿನಿಂದ ಕಚ್ಚಿ ಸರಿಮಾಡಿದಳು.

ಆರನೇ ಪ್ರಶ್ನೆ. ಲಾಗ್ ಒಳಗೆ ಲಾಗ್, ಅದರೊಳಗೆ ಲಾಗ್, ಅದರೊಳಗೆ ಎಕ್ಸ್. ಹೊರಗಿನ ಮುಚ್ಚಳ ತೆಗೆದಳು. ಒಳಗೇನಿದೆ? ಲಾಗ್ ಲಾಗ್ ಎಕ್ಸ್. ಒಂದರ ಕೆಳಗೆ ಅದನ್ನು ಬರೆದಳು. ಎರಡನೆಯದು ತೆಗೆದಳು. ಲಾಗ್ ಎಕ್ಸ್. ಒಂದರ ಕೆಳಗೆ ಅದು. ಮೂರನೆಯದರಲ್ಲಿ ಬರೀ ಎಕ್ಸ್. ಒಂದರ ಕೆಳಗೆ ಎಕ್ಸ್. ಮೂರನ್ನೂ ಗುಣಿಸಿದಳು. ಬರೆದದ್ದನ್ನು ಓದಿ ಹೇಳಿದಳು.

“ಸರಿ,” ಎಂದಳು ಹುಡುಗಿ.

ಮೂವತ್ತು ವರ್ಷದ ಹಿಂದೆ ಫೇಲಾದ ಪರೀಕ್ಷೆಯನ್ನು ಈಗ ಪಾಸು ಮಾಡಿದಂತೆ ಅತ್ತೆಗೆ ಎದೆ ಹಗುರವಾಯಿತು. ಅಷ್ಟರಲ್ಲಿ ಅವಳ ಕಿವಿ ಇನ್ನೊಂದನ್ನು ಹಿಡಿದಿತ್ತು. ತಾನು ಪ್ರತಿ ಮುಚ್ಚಳ ತೆಗೆದಾಗಲೂ ಹುಡುಗಿಯ ಬೆರಳಿನ ಗೆಣ್ಣು ಮೇಜಿಗೆ ತಾಗುತ್ತಿತ್ತು. ಟಕ್. ಟಕ್. ಟಕ್. ತನಗೇ ಗೊತ್ತಿಲ್ಲದಂತೆ.

“ಇದೇ ಸದ್ದೇನೇ ಪರೀಕ್ಷೆಯಲ್ಲಿ ಮಾಡಿದ್ದು?”

“ಮುಚ್ಚಳ ಕೆಳಗಿಡೋ ಸದ್ದು. ಪರೀಕ್ಷೆಗೆ ಡಬ್ಬಿ ಒಯ್ಯಕ್ಕೆ ಬಿಡಲ್ಲ. ಬೆರಳು ತಾನೇ ಆಡುತ್ತೆ.”

ಅತ್ತೆ ದೂರಿನ ಜೆರಾಕ್ಸ್ ಪ್ರತಿಯನ್ನು ಮುಂದಕ್ಕೆಳೆದುಕೊಂಡಳು. ಅದನ್ನೂ ಉತ್ತರ ಪತ್ರಿಕೆಯ ಪ್ರತಿಯನ್ನೂ ಪಡೆಯಲು ಹನ್ನೊಂದು ದಿನ ಗುಮಾಸ್ತರ ಮೇಜಿನಿಂದ ಮೇಜಿಗೆ ಅಲೆದಿದ್ದಳು. ಇವತ್ತು ಬನ್ನಿ, ನಾಳೆ ಬನ್ನಿ, ಅವರು ಬಂದಿಲ್ಲ, ಇವರು ಊಟಕ್ಕೆ ಹೋಗಿದ್ದಾರೆ. ದೂರು ಕೊಟ್ಟವರು ಆ ಕೊಠಡಿಯ ಮೇಲ್ವಿಚಾರಕರಾಗಿದ್ದ ಬೇರೆ ಶಾಲೆಯ ಮೇಷ್ಟ್ರು. ಮನುಷ್ಯ ನೆಟ್ಟಗೆ, ಮಾತು ನೆಟ್ಟಗೆ, ಅದಕ್ಕೇ ಮಕ್ಕಳು ಸ್ಕೇಲು ಮೇಷ್ಟ್ರು ಎನ್ನುತ್ತಿದ್ದರಂತೆ. ದೂರಿನಲ್ಲೂ ಅಷ್ಟೇ ನೆಟ್ಟಗೆ ಬರೆದಿದ್ದರು: ಐದನೇ ಪ್ರಶ್ನೆಗೆ ಎರಡು ಸಲ ಕುಟ್ಟಿದಳು, ಆರಕ್ಕೆ ಮೂರು ಸಲ, ಏಳಕ್ಕೆ ಮೂರು ಸಲ.

ಐದನೇ ಪ್ರಶ್ನೆಯಲ್ಲಿ ಲಾಗ್ ಒಳಗೆ ಲಾಗ್ ಒಳಗೆ ಎಕ್ಸ್. ಎರಡು ಮುಚ್ಚಳ, ಎರಡು ಕುಟ್ಟು. ಆರರಲ್ಲಿ ಮೂರಕ್ಕೆ ಮೂರು. ಅತ್ತೆಯ ಮುಖದ ಗಂಟು ಸಡಿಲವಾಯಿತು. ಮೇಷ್ಟ್ರ ದೂರೇ ಹುಡುಗಿಯ ಸಾಕ್ಷಿ.

ಏಳನೇ ಪ್ರಶ್ನೆ ಓದಿದಳು. ಮತ್ತೆ ಓದಿದಳು.

“ಇದರಲ್ಲಿ ಮೂರು ಲಾಗ್ ಆದ್ಮೇಲೆ ಎಕ್ಸ್ ಅಲ್ಲ ಕಣೇ ಇರೋದು. ಎಕ್ಸ್ ವರ್ಗ ಕೂಡಿಸು ಒಂದು. ಅದೂ ಒಂದು ಡಬ್ಬಿ ಅಲ್ವಾ?”

ಹುಡುಗಿ ಡಬ್ಬಿಗಳನ್ನು ಒಂದೊಂದಾಗಿ ಹೊರತೆಗೆದು ಮೇಜಿನ ಮೇಲೆ ಸಾಲಾಗಿಟ್ಟಳು.

“ಅದನ್ನೂ ತೆಗೀಬೇಕು ತಾನೇ? ಹಾಗಾದ್ರೆ ನಾಲ್ಕು ಕುಟ್ಟು. ಮೇಷ್ಟ್ರು ಮೂರು ಅಂತ ಬರೆದಿದ್ದಾರೆ.” ಅತ್ತೆಯ ದನಿ ಏರಿತು. “ಹನ್ನೊಂದು ದಿನ ಚಪ್ಪಲಿ ಸವೆಸಿ ತಂದ ಕಾಗದ, ಹೋಗಿ ಹೋಗಿ ಇಲ್ಲೇ ಕೈ ಕೊಡಬೇಕಾ? ಆ ಮನುಷ್ಯ ಎಣಿಸೋದ್ರಲ್ಲಿ ತಪ್ಪಿದಾನೆ.”

“ತಪ್ಪಿಲ್ಲ,” ಎಂದಳು ಹುಡುಗಿ. “ನಾನೇ ಮೂರು ಕುಟ್ಟಿದ್ದು.”

“ಅಂದ್ರೆ?”

“ಆರನೇದರಲ್ಲಿ ಮೂರಕ್ಕೇ ಮುಗಿದಿತ್ತು. ಅದೇ ಗುಂಗಲ್ಲಿ ಏಳನೇದೂ ಮೂರಕ್ಕೇ ನಿಲ್ಲಿಸಿಬಿಟ್ಟೆ. ನಾಲ್ಕನೇ ಡಬ್ಬಿ ತೆಗೀಲೇ ಇಲ್ಲ. ತೆಗೆದಿದ್ರೆ ಎರಡು ಎಕ್ಸ್ ಬರ್ತಿತ್ತು, ಅದನ್ನೂ ಗುಣಿಸಬೇಕಿತ್ತು. ಪತ್ರಿಕೆ ಕೊಟ್ಟು ಮೆಟ್ಟಿಲು ಇಳೀತಾ ಇದ್ದಾಗ ಹೊಳೀತು. ಅಲ್ಲೇ ಕೂತು ಅತ್ತುಬಿಟ್ಟೆ.”

“ಯಾರಿಗಾದ್ರೂ ಹೇಳಿದ್ಯಾ?”

“ಅಪ್ಪಂಗೆ ಮಾತ್ರ. ಕೊನೇ ಗೆರೆ ಮೇಲೆ ಒಂದರ ಬದಲು ಎರಡು ಎಕ್ಸ್ ಇರಬೇಕಿತ್ತು ಅಂದೆ. ಮೆಟ್ಟಿಲ ಕೆಳಗೆ ಕಾಯ್ತಾ ನಿಂತಿದ್ರು. ನೀರು ತರ್ತೀನಿ ಅಳಬೇಡ ಅಂತ ಹೋದೋರು ಅರ್ಧ ಗಂಟೆ ಬರ್ಲಿಲ್ಲ. ಬಾವಿ ತೋಡಿ ತಂದ್ರಾ ಅಂತ ಆಮೇಲೆ ಕೇಳಿದೆ.”

ಅಣ್ಣ ಹಾಗೇ. ಬಾಳೆಲ್ಲ ಒಂದು ಕೆಲಸಕ್ಕೆಂದು ಹೋಗಿ ಇನ್ನೊಂದು ಮಾಡಿಕೊಂಡು ಬಂದವನು. ಇದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಉತ್ತರ ಪತ್ರಿಕೆಗಳನ್ನು ಕಟ್ಟು ಕಟ್ಟುವುದು ಅವನ ಕೆಲಸ. ಮಗಳು ಪರೀಕ್ಷೆ ಬರೆಯುವಾಗ ಅಪ್ಪ ಆ ಕೋಣೆಯಲ್ಲಿ ಇರಕೂಡದೆಂಬ ನಿಯಮಕ್ಕೆ ಆ ವಾರ ರಜೆ ಹಾಕಿದ್ದ.

ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ಸೀಟಿಗೆ ಬೇಕಾದ್ದು ಅರವತ್ತು ಅಂಕ. ಹುಡುಗಿಗೆ ಬಂದಿರುವುದು ಅರವತ್ತೊಂದು. ಏಳನೇ ಪ್ರಶ್ನೆಗೆ ಪೂರ್ತಿ ಅಂಕ ಬಿದ್ದಿದೆ. ಅವಳು ಬಿಟ್ಟದ್ದು ಎರಡು ಅಂಕದ ಹೆಜ್ಜೆ.

ಬಿಟ್ಟಿದ್ದರೆ ಐವತ್ತೊಂಬತ್ತೇ ಬರಬೇಕಿತ್ತು.

ಅವಳು ಉತ್ತರ ಪತ್ರಿಕೆಯ ಪ್ರತಿಯನ್ನು ತೆರೆದಳು. ಇಷ್ಟು ದಿನ ಅದು ಇರುವೆ ಸಾಲಿನಂತೆ ಕಾಣುತ್ತಿತ್ತು. ಇವತ್ತು ಮೊದಲ ಸಲ ಕಣ್ಣು ಓದಿತು. ಏಳನೇ ಉತ್ತರದಲ್ಲಿ ಗುಣಾಕಾರದ ಗುರುತಿನಿಂದ ಜೋಡಿಸಿದ ಮೂರು ಭಿನ್ನರಾಶಿ. ಮೊದಲನೆಯ ಗೆರೆಯ ಮೇಲೆ ಒಂದು. ಎರಡನೆಯ ಗೆರೆಯ ಮೇಲೂ ಒಂದು. ಮೂರನೆಯದರ ಮೇಲೆ 2x.

“ಇಲ್ಲಿದೆಯಲ್ಲೇ ನಿನ್ನ ಎರಡು ಎಕ್ಸ್.”

“ಇರಕ್ಕೆ ಸಾಧ್ಯ ಇಲ್ಲ. ನಾನು ಹೇಳಿಲ್ಲ.”

ಕಂಡ ನೆಲ ಮತ್ತೆ ಕಾಲ ಕೆಳಗಿಂದ ಜಾರಿತು. ಹುಡುಗಿ ಹೇಳದ್ದು ಕಾಗದದ ಮೇಲೆ ಬಂದಿದ್ದರೆ ದೂರೇ ನಿಜವಾಗುತ್ತದೆ. ಬರಹಗಾರ್ತಿ ಯಾವ ಕಾಲದಲ್ಲೋ ಎರಡು ತಿಂಗಳು ಗಣಿತದ ತರಗತಿಯಲ್ಲಿ ಕೂತಿದ್ದಳು ಎಂಬುದನ್ನು ಬೇರೆ ಕಚೇರಿಯವರು ಅಗೆದು ತೆಗೆದಿದ್ದಾರೆ. ಅತ್ತೆ ಫೋನು ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಆ ಬರಹಗಾರ್ತಿಗೆ ಕರೆ ಮಾಡಿದಳು.

“ಏಳನೇ ಪ್ರಶ್ನೇಲಿ ನೀನಾಗಿ ಏನಾದ್ರೂ ಸೇರಿಸಿದ್ಯೇನಮ್ಮಾ? ಪಾಪ ಬಿಟ್ಟಿದಾಳೆ ಅಂತ?”

“ಅಯ್ಯೋ ಅಕ್ಕಾ, ನನಗೆ ಅದು ಬರೋ ಹಾಗಿದ್ರೆ ಎರಡು ತಿಂಗಳಿಗೆ ಯಾಕೆ ಓಡಿ ಬರ್ತಿದ್ದೆ?” ಹಿಂದೆ ಯಂತ್ರದ ಗುರುಗುರು ಕೇಳುತ್ತಿತ್ತು. “ಅವಳು ಹೇಳಿದ್ದು ಬರೆದೆ. ಎಲ್ಲಾದ್ರೂ ಅಕ್ಷರ ತಿದ್ದಿದ್ರೆ ಸಾಕು, ಆ ಮೇಷ್ಟ್ರು ಬಂದು ಪಕ್ಕದಲ್ಲಿ ಸಹಿ ಹಾಕೋರು. ಉಸಿರಾಡಿದ್ರೂ ಸಹಿ ಹಾಕ್ತಾರೇನೋ ಅನ್ನಿಸಿತ್ತು.”

ಅತ್ತೆ ಫೋನಿಟ್ಟಳು. ಪುಟ ತಿರುಗಿಸಿ ಎಣಿಸಿದಳು. ಇಡೀ ಪತ್ರಿಕೆಯಲ್ಲಿ ಹನ್ನೊಂದು ತಿದ್ದುಪಡಿ, ಹನ್ನೊಂದರ ಪಕ್ಕದಲ್ಲೂ ಒಂದೇ ಅಳತೆಯ ಕಿರುಸಹಿ.

ಮೂರು ಗಂಟೆಗೆ ಸರಿಯಾಗಿ ಸ್ಕೇಲು ಮೇಷ್ಟ್ರು ಬಂದರು. ಒಂದು ನಿಮಿಷ ಮೊದಲೂ ಅಲ್ಲ, ತಡವೂ ಅಲ್ಲ. ಕಂಕುಳಲ್ಲಿ ಫೈಲು.

“ಕರೆಸಿದ್ರಂತೆ,” ಎಂದರು. “ವಿಚಾರಣೆಗೆ ಮುಂಚೆ ನಾನು ನಿಮ್ಮ ಹತ್ತಿರ ಮಾತಾಡಬಾರದು. ಆದ್ರೂ ಬಂದೆ. ಹೆಣ್ಣುಮಗು ವಿಷಯ.”

“ಹೆಣ್ಣುಮಗು ವಿಷಯ ಅಂತ ದೂರು ಬರೆಯುವಾಗ ನೆನಪಾಗಲಿಲ್ವಾ ಮೇಷ್ಟ್ರೇ?”

“ಕಂಡಿದ್ದು ಬರೆದೆ ಅಮ್ಮಾ. ಕಾಣದ್ದು ಬರೆದಿಲ್ಲ. ಕುಟ್ಟಿದ್ದು ಕೇಳಿಸ್ತು, ಎಣಿಸಿದೆ. ಯಾಕೆ ಕುಟ್ಟಿದಳು ಅನ್ನೋದು ನನ್ನ ಕೆಲಸ ಅಲ್ಲ.”

“ಸನ್ನೆ ಅಂತ ಬರೆದಿದ್ದೀರಲ್ಲ.”

“ಸನ್ನೆ ಇರಬಹುದು ಅಂತ ಬರೆದಿದ್ದೀನಿ. ಇರಬಹುದು ಅನ್ನೋದನ್ನ ಕಚೇರಿಯೋರು ನುಂಗಿದ್ರೆ ನಾನೇನು ಮಾಡ್ಲಿ?”

ಗೋಡೆಗೆ ತಲೆ ಚಚ್ಚಿಕೊಂಡಂತೆ. ಎಲ್ಲಿ ಚುಚ್ಚಿದರೂ ಮನುಷ್ಯ ಬಾಗುವುದಿಲ್ಲ. ಅತ್ತೆ ಪತ್ರಿಕೆಯನ್ನು ಅವರ ಕಡೆ ತಳ್ಳಿದಳು.

“ಏಳನೇ ಉತ್ತರ ನೋಡಿ. ಮೂರನೇ ಗೆರೆ ಮೇಲೆ. ಈ 2x ನಿಮ್ಮ ಕಣ್ಣೆದುರಿಗೇ ಬರೆದಿದ್ದಾ?”

ಮೇಷ್ಟ್ರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು. ಕಿಟಕಿಯ ಬೆಳಕಿಗೆ ಹೋಗಿ ನಿಂತರು. ಅವರ ನೆಟ್ಟಗಿನ ಬೆನ್ನು ಮೊದಲ ಸಲ ಸ್ವಲ್ಪ ಬಾಗಿತು.

“ಇದು ಒಂದು,” ಎಂದರು.

“ಏನಂದ್ರಿ?”

“ಮೊದಲು ಇಲ್ಲಿ ಒಂದು ಇತ್ತು. ಆ ನಿಂತ ಗೆರೆ ಎರಡರ ಹೊಟ್ಟೆ ಒಳಗೇ ಇದೆ ನೋಡಿ, ದಪ್ಪ ಕಾಣುತ್ತೆ. ಒಂದನ್ನ ಎರಡು ಮಾಡಿ, ಪಕ್ಕಕ್ಕೆ ಎಕ್ಸ್ ತುರುಕಿದಾರೆ.” ಅವರು ಪುಟವನ್ನೆಲ್ಲ ಮತ್ತೆ ನೋಡಿದರು. “ತಿದ್ದಿದಾರೆ. ನನ್ನ ಸಹಿ ಇಲ್ಲ.”

“ನೀವು ನೋಡದೆ ಬಿಟ್ಟಿರಬಹುದು.”

“ಬಿಟ್ಟಿಲ್ಲ,” ಎಂದರು ಮೇಷ್ಟ್ರು. ಅದರಲ್ಲಿ ಸೊಕ್ಕಿರಲಿಲ್ಲ. “ಬರಹಗಾರರು ಬರೆದ ಪತ್ರಿಕೆ ಅಂದ್ರೆ ನಾನು ಕೊನೆಗೊಂದ್ಸಲ ಮೊದಲಿಂದ ನೋಡಿ ತಿದ್ದುಪಡಿ ಎಣಿಸಿ, ಮುಖಪುಟದಲ್ಲಿ ಬರೀತೀನಿ. ಹನ್ನೊಂದು ಅಂತ ಬರೆದಿದ್ದೀನಿ. ಇದು ಹನ್ನೆರಡನೇದು. ನನ್ನ ಕೈ ಬಿಟ್ಟ ಮೇಲೆ ಆಗಿದೆ.”

ಹುಡುಗಿ ತಲೆಯೆತ್ತಿದಳು. “ಹಾಗಾದ್ರೆ ನಾನೂ ಅಲ್ಲ, ಬರೆದೋಳೂ ಅಲ್ಲ.”

“ಅಲ್ಲಮ್ಮಾ. ಅಲ್ಲ ಅಂತ ನಾನೇ ಒಳಗೆ ಹೇಳ್ತೀನಿ.”

“ಆದ್ರೆ ಅದನ್ನ ಹೇಳಿದ್ರೆ ನನ್ನ ಎರಡು ಅಂಕ ಹೋಗುತ್ತೆ. ಸೀಟೂ ಹೋಗುತ್ತೆ.”

ಅತ್ತೆ ಹುಡುಗಿಯ ಕೈ ಹಿಡಿದಳು. “ನೋಡು ಮಗಾ, ಬೇರೆ ದಾರಿ ಏನಾದ್ರೂ—”

“ಬೇಡ ಅತ್ತೆ. ಐವತ್ತೊಂಬತ್ತಾದ್ರೆ ಐವತ್ತೊಂಬತ್ತು. ಅದು ನಂದು. ಬರೋ ವರ್ಷ ನಾಲ್ಕನೇ ಡಬ್ಬಿ ತೆಗೀತೀನಿ. ಅಲ್ಲಿ ಜೆರಾಕ್ಸ್ ಅಂಗಡೀಲಿ ಒಬ್ಬಳು ನನ್ನಿಂದ ಮೂರು ವರ್ಷ ಕಳ್ಕೋಬಾರದು.” ತುಸು ತಡೆದು ಕೇಳಿದಳು, “ಆದ್ರೆ ಯಾರು ಮಾಡಿದ್ದು? ನನಗೆ ಕೇಡು ಬಯಸಿದೋರು ತಪ್ಪನ್ನ ಸರಿ ಯಾಕೆ ಮಾಡ್ತಾರೆ?”

ಅದೇ ಪ್ರಶ್ನೆ ಅತ್ತೆಯ ತಲೆಯಲ್ಲೂ ಗುಂಗಿಹುಳದಂತೆ ಸುತ್ತುತ್ತಿತ್ತು. ಕೇಡಿಗನ ಕೆಲಸವಲ್ಲ ಇದು. ಹುಡುಗಿ ಏನು ಬಿಟ್ಟಳೆಂದು ಗೊತ್ತಿದ್ದವರ ಕೆಲಸ.

“ನಿಮ್ಮ ಕೈಯಿಂದ ಪತ್ರಿಕೆ ಎಲ್ಲಿಗೆ ಹೋಯ್ತು ಮೇಷ್ಟ್ರೇ?”

“ಕೆಳಗೆ, ಕಟ್ಟು ಕಟ್ಟೋ ಕೋಣೆಗೆ. ಯಾವಾಗಲೂ ಇರೋರು ಟೀ ಕುಡಿಯಕ್ಕೆ ಹೋಗಿದ್ರು. ಇನ್ನೊಬ್ಬರು ಬಂದು, ಕೊಡಿ ನಾನು ತಗೋತೀನಿ ಅಂದ್ರು. ನಾನು ಬೇರೆ ಶಾಲೆಯೋನು, ಹೆಸರು ಗೊತ್ತಿಲ್ಲ. ಮುಖ ನೋಡಿದ್ರೆ ಹೇಳ್ತೀನಿ. ಕೈಯಲ್ಲಿ ನೀರಿನ ಬಾಟ್ಲಿ ಇತ್ತು.” ಅವರು ಫೈಲು ಬಿಚ್ಚಿದರು. “ರಸೀದಿ ಇಲ್ಲದೆ ನಾನು ಕೊಡೋನಲ್ಲ. ಇಟ್ಟಿದ್ದೀನಿ.”

ಅಂಗೈಯಗಲದ ಚೀಟಿ. ಸಹಿ ಬೇಕೆಂದೇ ಕಲಸಿದ ಹಾಗಿತ್ತು. ಅದರ ಮೇಲೆ, ತಲುಪಿದ ಪತ್ರಿಕೆಗಳ ಸಂಖ್ಯೆ: 22.

ಎರಡೂ ಎರಡುಗಳ ಬಾಲ ಮೇಲಕ್ಕೆದ್ದು, ಚೇಳಿನ ಕೊಂಡಿಯಂತೆ ಹಿಂದಕ್ಕೆ ಬಾಗಿತ್ತು. ಉತ್ತರ ಪತ್ರಿಕೆಯಲ್ಲಿ ಬರಹಗಾರ್ತಿಯ ಎರಡುಗಳೆಲ್ಲ ಕಾಲು ಚಾಚಿ ಮಲಗಿದ್ದವು. ಏಳನೇ ಉತ್ತರದ ಆ ಒಂದೇ ಒಂದು ಎರಡು ಮಾತ್ರ ಕೊಂಡಿ ಎತ್ತಿ ನಿಂತಿತ್ತು.

ಅತ್ತೆಯ ಕೈ ತಾನಾಗಿಯೇ ಮೇಜಿನ ಮೇಲಿದ್ದ ಎರಡನೆಯ ಡಬ್ಬಿಯನ್ನು ಮಗುಚಿತು. ತಳದಲ್ಲಿ ನಲವತ್ತು ವರ್ಷದ ಹಿಂದೆ ಹತ್ತು ವರ್ಷದ ಹುಡುಗನೊಬ್ಬ ಮೊಳೆಯಿಂದ ಕೆರೆದ ಚೇಳು ಹಾಗೇ ಇತ್ತು.

“ಈ ಕೈ ಯಾರದ್ದು ಅಂತ ನಿಮಗೇನಾದ್ರೂ ಗೊತ್ತಾ ಅಮ್ಮಾ?” ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು.

ಅತ್ತೆಯ ಬಾಯಿಂದ ಕಡ್ಡಿಯೂ ಬರಲಿಲ್ಲ, ತುಂಡೂ ಬರಲಿಲ್ಲ. ಪತ್ರಿಕೆ ತಿದ್ದಿದವನಿಗೆ ಕೆಲಸ ಹೋಗುತ್ತದೆ. ಕೆಲಸದ ಜೊತೆ ಜೈಲೂ ಕಾದಿರುತ್ತದೆ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು.

“ಇಷ್ಟೊತ್ತಿಂದ ಬಾಯಾರಿರ್ತೀರ ಅಂತ ನೀರು ತಂದೆ,” ಎಂದ ಅಣ್ಣ. “ಇವತ್ತು ಬೇಗ ಬಂದೆ ನೋಡು ಮಗಳೇ, ಬಾವಿ ತೋಡಲಿಲ್ಲ.”

ಹುಡುಗಿ ನಗಲಿಲ್ಲ. ದನಿ ಬಂದ ಕಡೆ ಮುಖ ತಿರುಗಿಸಿದಳು.

“ಅಪ್ಪಾ, ಯಾರೋ ನನ್ನ ಪತ್ರಿಕೆ ತಿದ್ದಿದಾರೆ. ಯಾರು ಅಂತ ಅತ್ತೆಗೆ ಈಗಷ್ಟೇ ಗೊತ್ತಾಯ್ತು. ಅವಳು ಉಸಿರು ಹಿಡಿದಿದ್ದು ನನಗೆ ಕೇಳಿಸ್ತು.”

ಬಾಟ್ಲಿಯೊಳಗಿನ ನೀರು ತುಳುಕಿ ನಿಂತಿತು. ಮೇಷ್ಟ್ರು ಒರೆಸಿದ ಕನ್ನಡಕವನ್ನು ನಿಧಾನವಾಗಿ ಮೂಗಿಗೇರಿಸಿಕೊಂಡು, ಬಾಗಿಲ ಕಡೆ ತಿರುಗಿದರು.